ಗಾಳಕ್ಕೆ ಹೊರಟವರ ಬುತ್ತಿ

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ?’ ಎಂಬ ಗಾದೆ ನಿಮಗೆಲ್ಲ ಗೊತ್ತು. ಹೇಳಿಕೊಟ್ಟ ಮಾತಿನ ಕಥೆ ಹಾಗಿರಲಿ; ಈ ಹೊತ್ತು ನಾನು ಎತ್ತಿಕೊಂಡಿರುವುದು ಬುತ್ತಿಯನ್ನು. ಅದರಲ್ಲೂ, ಬೆಳಕು ಹರಿಯುವ ಮೊದಲೇ ಗಾಳದ ಕೋಲು, ಎರೆಹುಳದ ಡಬ್ಬಿ ಹಿಡಿದು ಹೊಳೆಗೆ ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವವರ ಬುತ್ತಿಯನ್ನು. ನಮ್ಮ ಸೀಮೆಯಲ್ಲಿ ಇಂಥವರಿಗೇನೂ ಕಡಿಮೆಯಿಲ್ಲ. ಶಿವಮೊಗ್ಗ ತುಂಗೆಯ ದಂಡೆಯ ಊರು, ಭದ್ರಾವತಿ ಭದ್ರೆಯ ದಂಡೆಯ ಊರು. ಅದರ ಮೇಲ್ಗಡೆ ಗಾಜನೂರಿನ ಅಣೆಕಟ್ಟು, ಇದರ ಮೇಲ್ಗಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು. ಕೆಳಗೆ ಎರಡೂ ಹೊಳೆ ಸೇರುವ ಕೂಡಲಿ. ನಡುವೆ ಕೆರೆ, ನಾಲೆಗಳು. ಗೆಂಡೆ, ಕಾಟ್ಲಾ, ರೋಹು, ಕೊರವ, ಬಾಳೆಮೀನು ಎಂದು ಹೆಸರು ಹೇಳಿದರೆ ಸಾಕು, ಭಾನುವಾರದ ಕಾರ್ಯಕ್ರಮ ತಯಾರು. ಆದರೆ ಈ ತಯಾರಿಯಲ್ಲಿ ಒಂದು ವಿಚಿತ್ರವಿದೆ. ಮೀನಿಗೆ ಹಾಕುವ ಉಂಡೆಗೆ ಹಿಂದಿನ ರಾತ್ರಿಯೇ ಕಡಲೆಹಿಂಡಿ ನೆನೆಸಿ, ಗೋಧಿ ಹಿಟ್ಟು ಕಲಸಿ, ನೀರಿಗೆ ಬಿದ್ದ ಮೇಲೆ ಎಷ್ಟು ಹೊತ್ತು ಕರಗದೆ ನಿಲ್ಲಬೇಕು ಎಂದು ಹದ ನೋಡುವ ಮನುಷ್ಯ, ತನ್ನ ಹೊಟ್ಟೆಯ ವಿಷಯ ಬಂದಾಗ ‘ಹೋಗ್ತಾ ಎರಡು ಬಿಸ್ಕೆಟ್ ಪೊಟ್ಟಣ ತಗೊಂಡ್ರಾಯ್ತು’ ಎನ್ನುತ್ತಾನೆ. ಮೀನಿನ ಊಟಕ್ಕೆ ಇಟ್ಟಷ್ಟು ಲೆಕ್ಕವನ್ನು ತನ್ನ ಊಟಕ್ಕೂ ಇಡಲಿ ಎಂಬುದು ನನ್ನ ವಾದ. ಮೀನಿನ ಉಂಡೆಯನ್ನು ಅವನು ನೀರಿನ ಕಡೆಯಿಂದ ಯೋಚಿಸುತ್ತಾನೆ. ಬುತ್ತಿಯನ್ನೂ ಹಾಗೆಯೇ, ಅಡುಗೆಮನೆಯ ಕಡೆಯಿಂದ ಬಿಟ್ಟು ಹೊಳೆಯ ಕಡೆಯಿಂದ ಯೋಚಿಸಬೇಕು.

ಮೊದಲು ಹೊತ್ತಿನ ಲೆಕ್ಕ. ಮೀನು ಗಾಳಕ್ಕೆ ಬಾಯಿ ಹಾಕುವುದು ಹೆಚ್ಚಾಗಿ ಬೆಳಗಿನ ತಂಪಿನಲ್ಲಿ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ. ಬಿಸಿಲೇರಿದಂತೆ ಮೇಲಿನ ನೀರು ಕಾಯುತ್ತದೆ, ಮೀನು ಆಳಕ್ಕೋ ನೆರಳಿಗೋ ಸರಿಯುತ್ತದೆ, ಬೆಂಡು ಅಲ್ಲಾಡದೆ ಸುಮ್ಮನೆ ತೇಲುತ್ತದೆ. ಆ ನಡುಹೊತ್ತೇ ಊಟದ ಹೊತ್ತು. ಬೆಳಗಿನ ನಾಲ್ಕೂವರೆಗೆ ಕಟ್ಟಿದ ಬುತ್ತಿಯನ್ನು ಮಧ್ಯಾಹ್ನ ಒಂದಕ್ಕೆ ಬಿಚ್ಚಿದರೆ ಅದಕ್ಕೆ ಎಂಟೂವರೆ ಗಂಟೆ ವಯಸ್ಸಾಗಿರುತ್ತದೆ. ಸಂಜೆಯ ತಿಂಡಿಗೆ ಎಂದು ಇಟ್ಟದ್ದಕ್ಕೆ ಹನ್ನೆರಡು ಗಂಟೆ. ಕಚೇರಿಗೆ ಒಯ್ಯುವ ಡಬ್ಬಿಗೂ ಇದಕ್ಕೂ ಇರುವ ಅಂತರ ಇದೇ. ಕಚೇರಿಯ ಡಬ್ಬಿ ನಾಲ್ಕೈದು ಗಂಟೆ ನೆರಳಲ್ಲಿ, ಫ್ಯಾನಿನ ಕೆಳಗೆ ಇರುತ್ತದೆ. ಹೊಳೆಯ ಬುತ್ತಿ ಬೈಕಿನ ಪಕ್ಕದ ಚೀಲದಲ್ಲಿ ಕುಲುಕಿ, ಕಾದ ಬಂಡೆಯ ಮೇಲೆ ಕೂತು, ಮಾರ್ಚ್ ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ಬಿಸಿಲಿನ ಮಗ್ಗುಲಲ್ಲಿ ದಿನ ಕಳೆಯುತ್ತದೆ. ಕಟ್ಟುವಾಗ ಘಮಘಮ ಎನ್ನುವ ಅಡುಗೆ ಬಿಚ್ಚುವಾಗಲೂ ಹಾಗೇ ಇದ್ದೀತು ಎಂದು ನಂಬುವುದೇ ಮೊದಲ ತಪ್ಪು. ಬುತ್ತಿಯ ರುಚಿ ತೀರ್ಮಾನವಾಗುವುದು ಬಿಚ್ಚುವಾಗ.

ಈ ಎಂಟು ಗಂಟೆಯಲ್ಲಿ ಅನ್ನಕ್ಕೆ ಏನಾಗುತ್ತದೆ ಎಂಬುದನ್ನು ವಿಜ್ಞಾನ ಚೆನ್ನಾಗಿಯೇ ಬಿಡಿಸಿ ಹೇಳಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅನ್ನ ಕುದಿಸಿದರೆ ಅವು ಸಾಯುವುದಿಲ್ಲ, ಮುದುಡಿಕೊಂಡು ಕಾಯುತ್ತವೆ. ಅನ್ನ ಆರಿ ಉಗುರುಬೆಚ್ಚಗಾದಾಗ ಮೊಳೆತು, ಹೆಚ್ಚಿ, ವಿಷವನ್ನು ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಆಹಾರ 5 ಡಿಗ್ರಿಗಿಂತ ತಣ್ಣಗೆ ಇರಲಿ, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿರಲಿ, ನಡುವಿನ ಬೆಚ್ಚಗಿನ ಪಟ್ಟಿಯಲ್ಲಿ ಹೆಚ್ಚು ಹೊತ್ತು ಬೇಡ ಎಂದು ಆಹಾರ ತಜ್ಞರು ಹೇಳುವುದು ಇದಕ್ಕೇ. ಹೊಳೆದಂಡೆಯಲ್ಲಿ ಫ್ರಿಜ್ಜೂ ಇಲ್ಲ, ಒಲೆಯೂ ಇಲ್ಲ. ಆಗ ಉಳಿಯುವ ದಾರಿ ಎರಡೇ: ಒಂದು ಹುಳಿ, ಇನ್ನೊಂದು ಒಣಗಿಸುವುದು. ಹುಳಿ ಹೆಚ್ಚಾದ ಕಡೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ತೇವ ಇಲ್ಲದ ಕಡೆಯೂ ಬೆಳೆಯುವುದಿಲ್ಲ. ಇನ್ನು ನಮ್ಮ ಹಳೆಯ ಬುತ್ತಿಗಳ ಪಟ್ಟಿಯನ್ನು ಒಮ್ಮೆ ನೆನೆಸಿಕೊಳ್ಳಿ. ಹುಣಸೆಹುಳಿಯ ಪುಳಿಯೋಗರೆ, ನಿಂಬೆಹುಳಿಯ ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ಒಂದು ಸಾಲು. ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿ, ಹುರಿಗಡಲೆ, ತಂಬಿಟ್ಟು ಇನ್ನೊಂದು ಸಾಲು. ಹುಳಿ ಒಂದು ಕಡೆ, ಒಣ ಒಂದು ಕಡೆ. ಬ್ಯಾಕ್ಟೀರಿಯಾದ ಹೆಸರು ಕೇಳದ ಅಜ್ಜಿಯರು ಕೆಟ್ಟದ್ದನ್ನು ಎಸೆದು, ಕೆಡದ್ದನ್ನು ಉಳಿಸಿಕೊಂಡು, ಇದೇ ತೀರ್ಮಾನಕ್ಕೆ ಬಂದಿದ್ದರು.

ಮೊಸರನ್ನವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಬುತ್ತಿಗೆ ಕಟ್ಟುವ ಮೊಸರನ್ನದಲ್ಲಿ ಮೊಸರಿಗಿಂತ ಹಾಲು ಹೆಚ್ಚು. ಅನ್ನವನ್ನು ಮೆತ್ತಗೆ ಬೇಯಿಸಿ, ಅಗಲ ತಟ್ಟೆಗೆ ಹರವಿ, ಬೇಗ ಆರುವಂತೆ ಮಾಡುತ್ತಾರೆ. ಪಾತ್ರೆಯಲ್ಲೇ ಗುಡ್ಡೆಯಾಗಿ ಬಿಟ್ಟರೆ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಆರಿದ ಮೇಲೆ ಸೌಟಿನ ಹಿಂಬದಿಯಿಂದ ಮಸೆದು, ಕಾಯಿಸಿ ಆರಿಸಿದ ಹಾಲು ಸುರಿದು, ಎರಡು ಚಮಚ ಗಟ್ಟಿ ಮೊಸರು, ಉಪ್ಪು ಸೇರಿಸಿ, ಕೈಗೆ ತುಸು ನೀರುನೀರಾಗಿಯೇ ಕಲಸುತ್ತಾರೆ. ಸಾಸಿವೆ, ಇಂಗು, ಕರಿಬೇವು, ಹಸಿಮೆಣಸು, ಶುಂಠಿಯ ಒಗ್ಗರಣೆ ಕೊನೆಗೆ. ಡಬ್ಬಿ ಮುಚ್ಚಿದ ಮೇಲೆ ಒಳಗಡೆ ಕೆಲಸ ನಡೆಯುತ್ತಲೇ ಇರುತ್ತದೆ: ಮೊಸರಿನ ಹೆಪ್ಪು ಹಾಲನ್ನು ನಿಧಾನವಾಗಿ ಮೊಸರಾಗಿಸುತ್ತ ಹೋಗುತ್ತದೆ, ಹುಳಿ ಏರುತ್ತದೆ, ನೀರುನೀರಾಗಿದ್ದದ್ದು ಗಟ್ಟಿಯಾಗುತ್ತದೆ. ಮಧ್ಯಾಹ್ನ ಬಿಚ್ಚಿದಾಗ ಅದು ಹದವಾದ ಮೊಸರನ್ನ. ಬೆಳಿಗ್ಗೆಯೇ ಬರೀ ಮೊಸರು ಹಾಕಿ ಹದವಾಗಿ ಕಲಸಿದ್ದರೆ ಮಧ್ಯಾಹ್ನಕ್ಕೆ ಬಾಯಿಗಿಡಲಾರದಷ್ಟು ಹುಳಿಯಾಗಿ, ಮುದ್ದೆಯಾಗಿರುತ್ತಿತ್ತು. ದಂಡೆಯಿಂದ ಹಿಂದಕ್ಕೆ ಎಣಿಸಿ ಅಡುಗೆ ಮಾಡುವುದು ಎಂದರೆ ಇದೇ: ಒಂದು ಗಂಟೆಗೆ ಹದವಾಗಬೇಕಾದದ್ದನ್ನು ನಾಲ್ಕೂವರೆಗೆ ಹದ ತಪ್ಪಿಸಿ ಇಡುವುದು. ಪುಳಿಯೋಗರೆಯ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಕುದಿಸುವುದೂ ಇಂಥದೇ ಲೆಕ್ಕ. ನೀರು ಆವಿಯಾಗಿ, ಹುಳಿ ಗಟ್ಟಿಯಾಗಿ, ಉಪ್ಪು ಬೆಲ್ಲ ಎಣ್ಣೆಗಳ ಕಾವಲಿನಲ್ಲಿ ಗೊಜ್ಜು ದಿನಗಟ್ಟಲೆ ನಿಲ್ಲುತ್ತದೆ. ಈ ಕಾವಲು ಒಡೆಯುವುದು ಹಸಿ ತೆಂಗಿನಕಾಯಿಯಿಂದ. ಬೆಳಗಿನ ದೋಸೆಗೆ ದೇವರಂಥ ಕಾಯಿಚಟ್ನಿ ಬಿಸಿಲಿಗೆ ಹೊತ್ತು ಏರುವಷ್ಟರಲ್ಲಿ ಹಳಸಿರುತ್ತದೆ. ಹೊಳೆಯ ಬುತ್ತಿಗೆ ಚಟ್ನಿ ಬೇಕೆಂದರೆ ಚಟ್ನಿಪುಡಿಯೇ ಸರಿ. ಚಿತ್ರಾನ್ನಕ್ಕೂ ಆ ದಿನ ಕಾಯಿತುರಿ ಬೇಡ.

ಇದು ಗಾಳದವರಿಗಾಗಿ ಹುಟ್ಟಿದ ಜಾಣತನವೇನೂ ಆಗಿರಲಿಲ್ಲ. ಮನೆಯಿಂದ ದೂರ ಉಣ್ಣಬೇಕಾದವರೆಲ್ಲರ ಕೂಡು ಗಳಿಕೆ ಇದು. ಗದ್ದೆಗೆ ಹೋಗುವವರ ಬುತ್ತಿಯನ್ನು ನಮ್ಮ ಮಲೆನಾಡು ಹಬ್ಬದ ಮಟ್ಟಕ್ಕೇ ಏರಿಸಿದೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ತುಂಬಿ, ಗದ್ದೆಗೆ ಹೊತ್ತು, ತೆನೆ ಹೊತ್ತ ಭೂಮಿಗೆ ಎಡೆಯಿಟ್ಟು, ಅಲ್ಲೇ ಕೂತು ಉಣ್ಣುತ್ತಾರೆ. ಭದ್ರಾವತಿಯ ಕಥೆ ಬೇರೆ. ಭದ್ರೆಯ ದಂಡೆಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯತೊಡಗಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಊರು ಪಾಳಿಯ ಲೆಕ್ಕದಲ್ಲಿ ಬದುಕಲು ಕಲಿಯಿತು. ಕನ್ನಡದ ಮನೆಗಳ ಪಕ್ಕದಲ್ಲಿ ತಮಿಳು, ತೆಲುಗು ಮಾತಾಡುವ ದುಡಿಮೆಗಾರರ ಮನೆಗಳೂ ಎದ್ದವು. ಬೆಳಗಿನ ಪಾಳಿಯವರಿಗೆ ಒಂದು ಹೊತ್ತಿಗೆ ಡಬ್ಬಿ, ರಾತ್ರಿ ಪಾಳಿಯವರಿಗೆ ಇನ್ನೊಂದು ಹೊತ್ತಿಗೆ. ಮನೆಮಾತು ಬೇರೆಬೇರೆಯಾದರೂ ಹುಣಸೆಯನ್ನ, ಮೊಸರನ್ನ ಎಲ್ಲರಿಗೂ ಪರಿಚಯದವೇ. ಗದ್ದೆಯ ಬಿಸಿಲಿಗೂ ಕುಲುಮೆಯ ಕಾವಿಗೂ ಹೊಂದಿಕೊಂಡ ಊಟ ಹೊಳೆಯ ಬಂಡೆಗೂ ಹೊಂದಿಕೊಳ್ಳುತ್ತದೆ. ಹಾಗಾಗಿ ಹೊಸದಾಗಿ ಗಾಳ ಹಿಡಿದವರು ಬುತ್ತಿಗಾಗಿ ಎಲ್ಲೂ ಹುಡುಕಾಡಬೇಕಾಗಿಲ್ಲ, ತಮ್ಮ ಮನೆಯ ಹಿಂದಿನ ತಲೆಮಾರು ಕೆಲಸಕ್ಕೆ ಏನು ಕಟ್ಟಿಕೊಂಡು ಹೋಗುತ್ತಿತ್ತು ಎಂದು ಕೇಳಿದರೆ ಸಾಕು.

ಹೊತ್ತಿನ ಲೆಕ್ಕವಾದ ಮೇಲೆ, ಎರಡನೆಯದು ಕೈಯ ಲೆಕ್ಕ. ಗಾಳ ಹಾಕುವವರ ಕೈ ಬೇರೆ ಯಾರ ಕೈಯಂತೆಯೂ ಇರುವುದಿಲ್ಲ. ಎರೆಹುಳ ಮುರಿದು ಸಿಕ್ಕಿಸಿದ ಕೈ, ಮೀನಿನ ಲೋಳೆ ಹತ್ತಿದ ಕೈ, ಕೊಕ್ಕೆಯೋ ಮುಳ್ಳೋ ಗೀರಿದ ಕೈ. ‘ತಿನ್ನುವ ಬಲಗೈಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತೇನೆ’ ಎಂದು ಯಾರಾದರೂ ಹೇಳಿದರೆ ಅವರಿಗೆ ಹುಳ ಸಿಕ್ಕಿಸಿ ಅಭ್ಯಾಸವಿಲ್ಲ ಎಂದೇ ಅರ್ಥ. ಅದಕ್ಕೆ ಎರಡೂ ಕೈ ಬೇಕು. ನಿಂತ ನೀರು, ಕೆಸರು, ಇಲಿಯ ಮೂತ್ರ ಸೇರಿದ ಕಡೆ ಇಲಿಜ್ವರದ ರೋಗಾಣು ಇರುತ್ತದೆ, ಗೀರು ಗಾಯದ ಮೂಲಕ ಮೈ ಸೇರುತ್ತದೆ ಎಂಬುದೂ ನೆನಪಿರಲಿ. ಆದ್ದರಿಂದ ಬುತ್ತಿಯ ಚೀಲದಲ್ಲಿ ಅನ್ನದಷ್ಟೇ ಮುಖ್ಯವಾದದ್ದು ಒಂದು ತುಂಡು ಸೋಪು ಮತ್ತು ಕೈತೊಳೆಯಲೆಂದೇ ಇಟ್ಟ ಒಂದು ಬಾಟಲಿ ನೀರು. ಮಧ್ಯಾಹ್ನದ ಊಟಕ್ಕೆ ಎದ್ದು ಕೈ ತೊಳೆಯುವ ತಾಳ್ಮೆ ಇರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ, ಬೆಂಡು ಒಂದು ಸಲ ಮುಳುಗಿ ಎದ್ದಾಗ ಯಾರು ಏಳುತ್ತಾರೆ? ಆ ಹೊತ್ತಿನ ತಿಂಡಿ ಕೈ ಮುಟ್ಟದೆ ತಿನ್ನುವಂಥದ್ದಾಗಿರಬೇಕು. ಬಾಳೆಹಣ್ಣಿಗೆ ಸಿಪ್ಪೆಯೇ ಹಿಡಿಕೆ. ಅಕ್ಕಿರೊಟ್ಟಿಗೆ ಚಟ್ನಿಪುಡಿ ತುಪ್ಪ ಸವರಿ, ಸುರುಳಿ ಸುತ್ತಿ, ಎಲೆಯ ತುಂಡಿನಲ್ಲಿ ಮಡಿಸಿಟ್ಟರೆ ಎಲೆ ಹಿಡಿದೇ ಕಚ್ಚಬಹುದು. ಎಲೆಯಲ್ಲಿ ಬೇಯಿಸಿದ ಕಡುಬಿಗೂ ಇದೇ ಅನುಕೂಲ. ಮುದ್ದೆ ಇಲ್ಲಿ ಸೋಲುತ್ತದೆ. ರುಚಿಯಲ್ಲಿ, ಕಸುವಿನಲ್ಲಿ ಅದಕ್ಕೆ ಸಮ ಯಾವುದೂ ಇಲ್ಲ, ಆದರೆ ಸಾರಿಲ್ಲದೆ ಅದು ಇಳಿಯುವುದಿಲ್ಲ, ಸಾರು ಬಂದರೆ ಚೀಲವೆಲ್ಲ ಸಾರು.

ಎಲೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಬಾಳೆಎಲೆಯನ್ನು ಹಸಿಯಾಗಿಯೇ ಮಡಿಸಿದರೆ ದಿಂಡಿನ ಜಾಗದಲ್ಲಿ ಸೀಳುತ್ತದೆ. ಕೆಂಡದ ಮೇಲೋ ಗ್ಯಾಸಿನ ಉರಿಯ ಮೇಲೋ ಒಂದು ಸಲ ಆಡಿಸಿದರೆ ಮಾಸಲು ಹಸಿರು ಮಿರುಗುವ ಕಡುಹಸಿರಾಗುತ್ತದೆ, ಎಲೆ ಬಟ್ಟೆಯಂತೆ ಬಾಗುತ್ತದೆ. ಬಾಡಿಸಿದ ಎಲೆಯಲ್ಲಿ ಅನ್ನವಿಟ್ಟು, ನಾಲ್ಕು ಕಡೆಯಿಂದ ಮಡಚಿ, ಬಾಳೆನಾರಿನಿಂದ ಬಿಗಿದರೆ ನೀರೊಸರದ ಪೊಟ್ಟಣ. ಉಣ್ಣುವಾಗ ಅದೇ ಎಲೆ ತಟ್ಟೆ. ಹಳೆಯ ಪತ್ರಿಕೆಯಲ್ಲಿ ಸುತ್ತುವ ರೂಢಿ ಬಿಡಬೇಕು. ಮುದ್ರಣದ ಮಸಿ ಎಣ್ಣೆಗೆ ಇಳಿಯುತ್ತದೆ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಪ್ಲಾಸ್ಟಿಕ್ಕಿನ ಕೈಚೀಲವನ್ನು ಕರ್ನಾಟಕ ಅದೇ ವರ್ಷ ನಿಷೇಧಿಸಿತು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶವೇ ಬಾಗಿಲು ಹಾಕಿತು. ಆದರೂ ಗಾಳದವರು ಹೆಚ್ಚು ಕೂರುವ ಬಂಡೆ ಯಾವುದೆಂದು ತಿಳಿಯಲು ಮೀನು ನೋಡಬೇಕಾಗಿಲ್ಲ, ಸುತ್ತ ಬಿದ್ದ ಪೊಟ್ಟಣಗಳನ್ನು ನೋಡಿದರೆ ಸಾಕು. ಮಿಕ್ಕ ಅನ್ನವನ್ನು ಮೀನಿಗೇ ಹಾಕಿದರೆ ಪುಣ್ಯವಲ್ಲವೇ ಎನ್ನುವವರಿದ್ದಾರೆ. ಶೃಂಗೇರಿಯ ಮಠದ ಮುಂದೆ ಮೀನುಗಳಿಗೆ ಹಿಡಿ ಮಂಡಕ್ಕಿ ಎರಚುವುದು ಒಂದು ಮಾತು; ಉಪ್ಪು, ಎಣ್ಣೆ, ಮಸಾಲೆ ಬೆರೆತ ಎಂಜಲನ್ನು ನಿಂತ ನೀರಿಗೆ ಸುರಿಯುವುದು ಬೇರೆ ಮಾತು. ಮಿಗದಷ್ಟು ಕಟ್ಟುವುದೇ ಒಳ್ಳೆಯ ಬುತ್ತಿಯ ಲಕ್ಷಣ.

ಮೂರನೆಯದು ಹೊಳೆಯ ಸ್ವಭಾವ. ನಮ್ಮ ಎರಡು ಹೊಳೆಗಳೂ ಅಕ್ಕತಂಗಿಯರಾದರೂ ಅವುಗಳ ಅಣೆಕಟ್ಟಿನ ಗುಣ ಒಂದೇ ಅಲ್ಲ. ಗಾಜನೂರಿನ ತುಂಗಾ ಜಲಾಶಯದ ಹೊಟ್ಟೆ ಚಿಕ್ಕದು, ಸುಮಾರು 3.24 ಟಿಎಂಸಿ. ಭದ್ರಾ ಜಲಾಶಯದ ಹೊಟ್ಟೆ ದೊಡ್ಡದು, 71 ಟಿಎಂಸಿಗೂ ಮೀರಿದ್ದು. ಹಾಗಾಗಿ ಶೃಂಗೇರಿ, ತೀರ್ಥಹಳ್ಳಿ ಕಡೆ ಮುಂಗಾರು ಜೋರಾಯಿತೆಂದರೆ ಗಾಜನೂರು ಬೇಗ ತುಂಬಿ ಗೇಟು ತೆರೆಯಬೇಕಾಗುತ್ತದೆ. ಭದ್ರೆ ತುಂಬಲು ಇನ್ನೂ ಎಷ್ಟೋ ವಾರ ಕಾಯುತ್ತಿರುತ್ತಾಳೆ. ಗಾಜನೂರಿನ ಕೆಳಗೆ ತುಂಗೆಯ ಬಂಡೆಯ ಮೇಲೆ ಕೂತವರಿಗೆ ನೀರು ಏರುವುದಕ್ಕೆ ತಲೆಯ ಮೇಲೆ ಮಳೆ ಬರಬೇಕೆಂದೇನೂ ಇಲ್ಲ. ಇದಕ್ಕೂ ಬುತ್ತಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇಷ್ಟೇ: ಐದು ಡಬ್ಬಿ, ಮೂರು ಪೊಟ್ಟಣ, ಹರವಿದ ಚಾಪೆ, ಬಿಚ್ಚಿಟ್ಟ ತಟ್ಟೆಗಳ ನಡುವೆ ಕೂತವರು ಎದ್ದು ಓಡಬೇಕಾದ ಗಳಿಗೆಯಲ್ಲಿ ಡಬ್ಬಿ ಜೋಡಿಸುತ್ತ ನಿಲ್ಲುತ್ತಾರೆ. ಹೊಳೆಯ ಬುತ್ತಿ ಒಂದೇ ಚೀಲದಲ್ಲಿರಬೇಕು, ಒಂದೇ ಕೈಯಲ್ಲಿ ಎತ್ತುವಂತಿರಬೇಕು, ಕೂತ ಜಾಗಕ್ಕಿಂತ ಎತ್ತರದಲ್ಲಿ ಒಂದು ಕೊಂಬೆಗೆ ತೂಗುಹಾಕಿರಬೇಕು. ಕೊಂಬೆಗೆ ಹಾಕಿದ್ದಕ್ಕೆ ಇರುವೆ ಬೇಗ ಹತ್ತುವುದಿಲ್ಲ, ನೆರಳೂ ಸಿಗುತ್ತದೆ. ಅದಾಗ್ಯೂ ನೀರು ಏರಿದರೆ ಬುತ್ತಿ ಬಿಟ್ಟೇ ಓಡಿ, ಅದೇನೂ ನಷ್ಟವಲ್ಲ.

ಕಾಲ ಬದಲಾದಂತೆ ಬುತ್ತಿಯೂ ಬದಲಾಗಬೇಕು. ಬೇಸಿಗೆಯಲ್ಲಿ ಶತ್ರು ಬಿಸಿಲು, ಮಳೆಗಾಲದಲ್ಲಿ ತೇವ. ಬೇಸಿಗೆಗೆ ಹೇಳಿಮಾಡಿಸಿದಂಥ ಮಂಡಕ್ಕಿ ಆಷಾಢದ ಜಡಿಮಳೆಯಲ್ಲಿ ಪೊಟ್ಟಣ ಬಿಚ್ಚಿದ ಕಾಲು ಗಂಟೆಗೆ ಮೆತ್ತಗಾಗಿ ಹತ್ತಿಯಂತಾಗುತ್ತದೆ. ಆ ದಿನಗಳಿಗೆ ಬೆಲ್ಲದ ಪಾಕದಲ್ಲಿ ಬಿಗಿದ ಶೇಂಗಾ ಚಿಕ್ಕಿ, ತಂಬಿಟ್ಟು ಮೇಲು. ತಂಪಿನಲ್ಲಿ ನಡುಗುವ ಮೈಗೆ ಬೆಲ್ಲ ಬೇಗ ಕಾವು ಕೊಡುತ್ತದೆ, ಕಡಲೆಬೀಜ ನಿಧಾನವಾಗಿ ಹೊಟ್ಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಚಕ್ಕುಲಿ ಕೋಡುಬಳೆ ಕಡಿಮೆ ಮಾಡಬೇಕು. ಕರಿದದ್ದು, ಉಪ್ಪಿನದು ನೀರಡಿಕೆ ತರುತ್ತದೆ. ಎಣ್ಣೆ ಹತ್ತಿದ ಬೆರಳಲ್ಲಿ ದಾರವೂ ಜಾರುತ್ತದೆ. ಇನ್ನು ಕುಡಿಯುವ ನೀರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಮಾತಿನ ಮೇಲೆ ನಮಗೆಲ್ಲ ಅಭಿಮಾನವಿದೆ. ಆ ಅಭಿಮಾನದಲ್ಲಿ ಹೊಳೆಗೆ ಬೊಗಸೆಯೊಡ್ಡುವ ಕಾಲ ಈಗಿಲ್ಲ. ದಂಡೆಯ ಊರುಗಳ ಚರಂಡಿ ಹೊಳೆ ಸೇರುತ್ತಿದೆ ಎಂಬ ಸಂಕಟದಿಂದಲೇ 2024ರಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರೆ ಶೃಂಗೇರಿಯಿಂದ ಹೊರಟದ್ದು. ಕುಡಿಯುವ ನೀರು ಮನೆಯದೇ ಇರಲಿ; ಬೇಸಿಗೆಯ ಪೂರ್ತಿ ದಿನಕ್ಕೆ ಒಬ್ಬೊಬ್ಬರಿಗೆ ಮೂರು ಲೀಟರ್ ಎಂದು ಹಿಡಿಯಿರಿ. ನೀರಿನ ಎದುರು ಕೂತವರಿಗೆ ಬಿಸಿಲು ಮೇಲಿಂದಲೂ ಬೀಳುತ್ತದೆ, ನೀರಿನಿಂದ ಪುಟಿದೂ ಬೀಳುತ್ತದೆ. ತಂಗಾಳಿ ಬೀಸುವುದರಿಂದ ಬೆವರಿದ್ದು ಗೊತ್ತಾಗುವುದಿಲ್ಲ. ಬೆವರಿನೊಂದಿಗೆ ಹೋದ ಉಪ್ಪಿಗೆ ಉಪ್ಪು ಹಾಕಿದ ಮಜ್ಜಿಗೆಯೇ ಮದ್ದು. ಮಜ್ಜಿಗೆಯ ಬಾಟಲಿಯನ್ನು ಕಂಠಪೂರ್ತಿ ತುಂಬಬೇಡಿ, ಹುಳಿಯೇರಿ ಉಬ್ಬುತ್ತದೆ.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು, ಇಷ್ಟೆಲ್ಲ ಯಾಕೆ, ರಸ್ತೆಬದಿಗೆ ಹೋಟೆಲುಗಳಿವೆ, ಅಂಗಡಿಯಲ್ಲಿ ಚಿಪ್ಸು ಬಿಸ್ಕೆಟ್ಟು ಸಿಗುತ್ತವೆ ಎನ್ನುವುದು. ಹೋಟೆಲಿನ ಊಟದ ಮೇಲೆ ನನ್ನ ದೂರೇನಿಲ್ಲ. ಆದರೆ ಹಿನ್ನೀರಿನ ಬದಿಯಲ್ಲಿ ಕೂತವರು ಊಟಕ್ಕೆಂದು ಗಾಳ ಸುತ್ತಿ, ರಸ್ತೆಗೆ ಬಂದು, ಉಂಡು ಮರಳುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಕೂತ ಜಾಗ ಇನ್ನೊಬ್ಬರ ಪಾಲಾಗಿರುತ್ತದೆ. ಪೊಟ್ಟಣದ ತಿಂಡಿ ಕೆಡುವುದಿಲ್ಲ ಎಂಬುದು ನಿಜ, ಅದು ಒಣಗಿಸುವ ಉಪಾಯವನ್ನೇ ಕಾರ್ಖಾನೆಯಲ್ಲಿ ಮಾಡಿದ್ದು. ಆದರೆ ಅದು ಬಾಯಿಗೆ ಕೆಲಸ ಕೊಡುತ್ತದೆ, ಹೊಟ್ಟೆಗೆ ಕೊಡುವುದಿಲ್ಲ. ದಿನವಿಡೀ ಬಿಸ್ಕೆಟ್ ತಿಂದವರು ಸಂಜೆ ನಾಲ್ಕಕ್ಕೆ, ಸರಿಯಾಗಿ ಮೀನು ಮತ್ತೆ ಮೇಲೇಳುವ ಹೊತ್ತಿಗೆ, ತಲೆನೋವೆಂದು ಮನೆಗೆ ಹೊರಡುತ್ತಾರೆ. ಗಾಳ ತಾಳ್ಮೆಯ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ತಾಳ್ಮೆ ಮನಸ್ಸಿನಿಂದಷ್ಟೇ ಬರುವುದಲ್ಲ, ಅದರಲ್ಲಿ ಹೊಟ್ಟೆಯ ಪಾಲೂ ದೊಡ್ಡದು.

ಎರಡನೆಯ ವಾದ ಹೆಚ್ಚು ರುಚಿಯಾದದ್ದು: ಮೀನು ಹಿಡಿಯಲು ಹೋದವರಿಗೆ ಬುತ್ತಿ ಯಾಕೆ, ಹಿಡಿದದ್ದನ್ನು ಅಲ್ಲೇ ಸುಟ್ಟು ತಿಂದರಾಯಿತು! ಕೇಳಲು ಸೊಗಸು. ಮೀನು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಗಾಳದ ವಿದ್ಯೆಯಲ್ಲೇ ಇಲ್ಲ. ಊಟವನ್ನು ಮೀನಿಗೆ ಒಪ್ಪಿಸಿ ಹೊರಟವರು ಮಧ್ಯಾಹ್ನದ ಹೊತ್ತಿಗೆ ಆಟ ಬಿಟ್ಟು ಹಸಿವಿನ ಬೇಟೆಗೆ ಇಳಿಯುತ್ತಾರೆ. ನೀರಿಗೆ ವಾಪಸು ಬಿಡಬೇಕಾದ ಬೆರಳುದ್ದದ ಮರಿಯನ್ನೂ ಚೀಲಕ್ಕೆ ಹಾಕುತ್ತಾರೆ. ಭದ್ರಾ ಯೋಜನೆಯ ಬಳಿಯ ಸರ್ಕಾರಿ ಮೀನುಮರಿ ಕೇಂದ್ರದಲ್ಲಿ ಮರಿ ಬೆಳೆಸಿ ನೀರಿಗೆ ಬಿಡುವ ಕೆಲಸ ಒಂದು ಕಡೆ, ಹಸಿದವರು ಮರಿಯನ್ನೇ ಎತ್ತುವುದು ಇನ್ನೊಂದು ಕಡೆ. ಬೆಂಕಿಯ ಮಾತು ಇನ್ನೂ ಗಂಭೀರ. ಗಾಜನೂರು, ಸಕ್ರೆಬೈಲು, ಲಕ್ಕವಳ್ಳಿಯ ಹಿನ್ನೀರಿಗೆ ಕಾಡು ತಾಗಿಕೊಂಡಿದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯಲ್ಲಿ ತರಗೆಲೆಯ ಮೇಲೆ ಹಾರಿದ ಒಂದು ಕಿಡಿಗೆ ನಿಮ್ಮ ಮೀನು ಬೆಂದಿತೋ ಇಲ್ಲವೋ ಎಂಬುದು ಬೇಕಾಗಿಲ್ಲ. ಬುತ್ತಿ ಕಟ್ಟಿಕೊಂಡು ಹೋದವರು ಮೀನಿಗೂ ಕಾಡಿಗೂ ಉಪಕಾರ ಮಾಡುತ್ತಾರೆ.

ಮೂರನೆಯ ವಾದ ಹೊಸ ಸಲಕರಣೆಯದು. ಬಿಸಿ ಉಳಿಸುವ ಡಬ್ಬಿಗಳಿವೆ, ಐಸಿನ ಪೆಟ್ಟಿಗೆಗಳಿವೆ, ಹುಳಿ ಒಣ ಎಂದು ಇನ್ನೂ ಯಾಕೆ ಹೇಳುತ್ತೀರಿ ಎಂದು ಕೇಳಬಹುದು. ಒಳ್ಳೆಯ ಡಬ್ಬಿ ಮೂರು ನಾಲ್ಕು ಗಂಟೆ ಬಿಸಿಯಾಗಿ ಇಡುತ್ತದೆ, ಒಪ್ಪಿದೆ. ಎಂಟು ಗಂಟೆಯ ಹೊತ್ತಿಗೆ ಎಷ್ಟೋ ಡಬ್ಬಿಗಳು ಉಗುರುಬೆಚ್ಚಗಿನ ಮಟ್ಟಕ್ಕೆ ಇಳಿದಿರುತ್ತವೆ; ಆಗ ಬಿಸಿ ಉಳಿಸುವ ಗುಣವೇ ದೋಷವಾಗಿ, ಬ್ಯಾಕ್ಟೀರಿಯಾಕ್ಕೆ ಹದವಾದ ಬೆಚ್ಚಗೂಡಾಗುತ್ತದೆ. ಸಾರು, ಪಲಾವು, ಮೊಟ್ಟೆ, ಕೋಳಿ ಇಂಥವನ್ನು ಹೀಗೆ ಇಡುವುದು ಅಪಾಯ. ಐಸಿನ ಪೆಟ್ಟಿಗೆ ಮೇಲು, ಆದರೆ ಗಾಳದವರ ಐಸಿನ ಪೆಟ್ಟಿಗೆ ಇರುವುದೇ ಮೀನಿಗೆ. ಅದರಲ್ಲೇ ಒಂದು ಮೂಲೆಯಲ್ಲಿ ಮೊಸರನ್ನದ ಡಬ್ಬಿ ಇಟ್ಟರೆ ಕರಗಿದ ಐಸಿನೊಂದಿಗೆ ಮೀನಿನ ನೀರು ಡಬ್ಬಿಯ ಅಂಚಿಗೆ ಬರುತ್ತದೆ. ಎರಡು ಪೆಟ್ಟಿಗೆ ಒಯ್ಯುವ ಅನುಕೂಲವಿದ್ದವರು ಒಯ್ಯಲಿ, ನನ್ನದೇನೂ ತಕರಾರಿಲ್ಲ. ಆದರೆ ಹುಳಿ ಕಟ್ಟಿದ ಬುತ್ತಿಗೆ ಕರಗುವ ಐಸಿಲ್ಲ, ಆರುವ ಬಿಸಿಯಿಲ್ಲ. ಅದು ತನ್ನ ಕಾವಲನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು, ಮತ್ತು ಅದು ಬರುವುದು ಗಾಳ ಹಾಕುವವರ ಕಡೆಯಿಂದಲ್ಲ, ಅಡುಗೆಮನೆಯ ಕಡೆಯಿಂದ. ‘ಅನ್ನ ಆರಿಸಿ, ಹಾಲು ಕಾಯಿಸಿ, ಎಲೆ ಬಾಡಿಸಿ ಎಂದು ಸುಲಭವಾಗಿ ಹೇಳಿಬಿಟ್ಟಿರಿ. ಅವರು ನಾಲ್ಕೂವರೆಗೆ ಹೊರಡಬೇಕೆಂದರೆ ಮೂರೂವರೆಗೆ ಏಳುವವರು ಯಾರು?’ ಇದಕ್ಕೆ ಹಾರಿಕೆಯ ಉತ್ತರ ಸಲ್ಲದು. ಒಬ್ಬರ ಭಾನುವಾರದ ಸಂತೋಷಕ್ಕೆ ಇನ್ನೊಬ್ಬರ ಭಾನುವಾರದ ನಿದ್ದೆ ಬುತ್ತಿಯಾಗಬೇಕು ಎನ್ನುವುದಾದರೆ ನನ್ನ ವಾದವೇ ಬಿದ್ದುಹೋಗುತ್ತದೆ. ಹೊತ್ತಿನ ಲೆಕ್ಕ ಎಂದರೆ ಕಟ್ಟುವವರ ಹೊತ್ತೂ ಅದರಲ್ಲಿ ಸೇರಬೇಕು. ಸಮಾಧಾನದ ಸಂಗತಿ ಎಂದರೆ, ಹೊಳೆಯಲ್ಲಿ ಕೆಡದೆ ನಿಲ್ಲುವ ತಿನಿಸುಗಳಲ್ಲಿ ಹೆಚ್ಚಿನವು ಹಿಂದಿನ ದಿನವೇ ಮಾಡಿಡಬಹುದಾದವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತಂಬಿಟ್ಟು ಇವಕ್ಕೆ ಬೆಳಗಿನ ಜಾವ ಬೇಕಿಲ್ಲ. ಕೊನೆಗೆ ಉಳಿಯುವುದು ಒಂದು ಪಾವು ಅನ್ನ, ಒಂದು ಒಗ್ಗರಣೆ. ಅದೂ ಬೇಡವೆಂದರೆ ಗೊಜ್ಜವಲಕ್ಕಿ ಇದೆ; ಅವಲಕ್ಕಿಯ ತರಿ, ಹುಣಸೆಹುಳಿ, ಬೆಲ್ಲ, ಉಪ್ಪು, ಸಾರಿನಪುಡಿ ಕಲಸಿಟ್ಟರೆ ಒಲೆಯ ಕೆಲಸ ಒಗ್ಗರಣೆಯಷ್ಟೇ. ಕತ್ತಲಲ್ಲಿ ಕೂದಲೆಳೆಯಂಥ ದಾರಕ್ಕೆ ಕೊಕ್ಕೆ ಗಂಟು ಹಾಕಬಲ್ಲ ಬೆರಳುಗಳಿಗೆ ಎಲೆಗೆ ಬಾಳೆನಾರು ಬಿಗಿಯುವುದು ಕಷ್ಟವೇ? ಮೀನಿನ ಉಂಡೆಯ ಹದ ಬಲ್ಲವರಿಗೆ ಮೊಸರನ್ನದ ಹದ ಬಾರದೇ?

ಅಲ್ಲಿಗೆ ಗಾದೆಗೆ ಮರಳಿದಂತಾಯಿತು. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಎಂದು ಅದು ಕೇಳುತ್ತದೆ. ಆ ಪ್ರಶ್ನೆ ಇರುವುದು ಇನ್ನೊಬ್ಬರು ಕಟ್ಟಿ ಕೊಟ್ಟದ್ದರ ಬಗ್ಗೆ. ಅದು ಆ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಮುಂದಿನ ಭಾನುವಾರ ಮತ್ತೆ ಕೈಯೊಡ್ಡಬೇಕು. ಕಟ್ಟಿಕೊಂಡ ಬುತ್ತಿಯ ಬಗ್ಗೆ ಗಾದೆ ಏನೂ ಹೇಳಿಲ್ಲ. ಮುಂದಿನ ವಾರ ಹೊಳೆಗೆ ಹೊರಡುವವರು ಶನಿವಾರ ಸಂಜೆ ಕಡಲೆಹಿಂಡಿ ನೆನೆಹಾಕುವಾಗ ಪಕ್ಕದ ಬಟ್ಟಲಲ್ಲಿ ಒಂದು ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣನ್ನೂ ನೆನೆಹಾಕಲಿ. ಅದು ಮೀನಿಗೆ, ಇದು ತನಗೆ.